ಹಾವು, ಚೇಳು, ಕಡಜ, ತೊರಕೆ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬಹಳ ವರ್ಷ ದಾದಿಯಾಗಿದ್ದೆ. ಈಗ ನಿವೃತ್ತಿಯಾಗಿದೆ. ಆದರೂ ಮಳೆ ಹಿಡಿದ ಕೂಡಲೇ ನನ್ನ ಮೊಬೈಲ್ ಬಡಿದುಕೊಳ್ಳುತ್ತದೆ: ಬಾಯಾರಿನಿಂದ, ಪೆರ್ಲದಿಂದ, ಮುಳ್ಳೇರಿಯದಿಂದ. ಕರೆಗಳು ನೂರಾದರೂ ಪ್ರಶ್ನೆಗಳು ಇಪ್ಪತ್ತನ್ನು ದಾಟುವುದಿಲ್ಲ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ವೈದ್ಯೆಯಲ್ಲ. ಔಷಧದ ಲೆಕ್ಕ ಬರೆದಿರುವುದು ಆಸ್ಪತ್ರೆಯಲ್ಲಿ ಏನು ನಡೆಯುತ್ತಿದೆ ಎಂದು ನಿಮಗೆ ತಿಳಿಯಲೆಂದೇ ಹೊರತು ಮನೆಯಲ್ಲಿ ಪ್ರಯೋಗಿಸಲೆಂದಲ್ಲ. ಈಗಷ್ಟೇ ಯಾರಿಗಾದರೂ ಕಚ್ಚಿದ್ದರೆ ಮೊದಲ ಉತ್ತರವನ್ನು ಮಾತ್ರ ಓದಿ ಹೊರಡಿ.

ಈಗಷ್ಟೇ ಹಾವು ಕಚ್ಚಿದೆ. ಏನು ಮಾಡಲಿ?

ಹಾವಿನಿಂದ ದೂರ ಸರಿಸಿ ಕೂರಿಸಿ ಅಥವಾ ಮಲಗಿಸಿ. ಉಂಗುರ, ಬಳೆ, ಕಾಲ್ಗೆಜ್ಜೆ, ವಾಚು, ಬಿಗಿಯಾದ ಬಟ್ಟೆ ತೆಗೆಯಿರಿ. ಊದಿಕೊಂಡ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಮುರಿದ ಮೂಳೆಗೆ ಕಟ್ಟುವ ಹಾಗೆ ಒಂದು ಪಟ್ಟಿ, ಅಡಿಕೆ ಸಲಾಕೆಯ ತುಂಡು, ಮಡಚಿದ ಪತ್ರಿಕೆ, ಏನು ಸಿಕ್ಕಿದರೂ ಸರಿ, ಸಡಿಲವಾಗಿ ಕಟ್ಟಿ. ನಡೆಸಬೇಡಿ. ತೋಟದ ತಳದಿಂದ ರಸ್ತೆಗೆ ಹತ್ತಬೇಕಾದರೆ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊರಲಿ. ವಾಂತಿ ಬಂದರೆ, ತೂಕಡಿಕೆ ಹೆಚ್ಚಿದರೆ ಎಡ ಮಗ್ಗುಲಿಗೆ ತಿರುಗಿಸಿ ಮಲಗಿಸಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವೆಂದರೆ ಜೀಪು, ಆಟೊ, ನೆರೆಮನೆಯ ಕಾರು ಯಾವುದಾದರೂ ಆದೀತು. ಬೈಕ್ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಸವಾರ ಮತ್ತು ಹಿಂದೆ ಹಿಡಿದುಕೊಳ್ಳುವವನ ನಡುವೆ ಕೂರಿಸಿ. ಕಚ್ಚಿದ ಗಂಟೆ ನೆನಪಿಟ್ಟುಕೊಳ್ಳಿ. ಹೊರಡಿ.

ಕಟ್ಟು ಹಾಕಬೇಡವೆ? ಅಜ್ಜನ ಕಾಲದಿಂದಲೂ ಹಾಕುತ್ತ ಬಂದಿದ್ದೇವಲ್ಲ.

ಬೇಡ. ಬೈಹುಲ್ಲಿನ ಹಗ್ಗ, ಬಾಳೆನಾರು, ಲುಂಗಿಯ ಅಂಚು ಹೀಗೆ ಎಲ್ಲ ತರಹದ ಕಟ್ಟುಗಳನ್ನೂ ಬಿಚ್ಚಿದ್ದೇನೆ. ಕನ್ನಡಿ ಹಾವಿನ, ಅಂದರೆ ಕೊಳಕುಮಂಡಲದ, ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಅದನ್ನು ಅಲ್ಲೇ ಕಟ್ಟಿಹಾಕಿ ರಕ್ತದ ಓಡಾಟವನ್ನೂ ನಿಲ್ಲಿಸಿದರೆ ಕೈ ಉಳಿಯುವುದಿಲ್ಲ. ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ: ಬಿಗಿಯಾದ ಕಟ್ಟನ್ನು ದಾರಿಯಲ್ಲಿ ಯಾರೋ ಪಾಪ ಎಂದು ಫಕ್ಕನೆ ಬಿಚ್ಚಿದರೆ ಅದುವರೆಗೆ ತಡೆದಿದ್ದ ವಿಷ ಒಮ್ಮೆಲೇ ಮೈಗೇರಬಹುದು. ಈಗಾಗಲೇ ಕಟ್ಟಿಬಿಟ್ಟಿದ್ದರೆ ಹಾಗೆಯೇ ಆಸ್ಪತ್ರೆಗೆ ಬನ್ನಿ. ಪ್ರತಿವಿಷ, ಉಸಿರಾಟದ ಸಲಕರಣೆ ಕೈಯಳತೆಯಲ್ಲಿಟ್ಟುಕೊಂಡು ಅಲ್ಲಿಯೇ ಬಿಚ್ಚುತ್ತಾರೆ.

ಬ್ಲೇಡಿನಿಂದ ಗೀರುವುದು, ಬಾಯಿಯಿಂದ ಹೀರುವುದು, ಮಂಜುಗಡ್ಡೆ, ವಿಷಕಲ್ಲು, ಗಾಯದ ಮೇಲೆ ಕೋಳಿಮರಿ ಇಡುವುದು, ಇವೆಲ್ಲ ಅದೇ ಸಾಲಿನವು. ವಿಷಕಲ್ಲು ಗಾಯಕ್ಕೆ ಕಚ್ಚಿಕೊಳ್ಳುವುದು ಅದು ಸಣ್ಣ ರಂಧ್ರಗಳ ಒಣ ವಸ್ತುವಾದ್ದರಿಂದ. ಒದ್ದೆ ನಾಲಗೆಗೆ ಇಟ್ಟರೂ ಅಂಟುತ್ತದೆ. ವಿಷ ಚರ್ಮದ ಮೇಲೆ ಕುಳಿತಿರುವುದಿಲ್ಲ, ಆಳಕ್ಕೆ ಇಳಿದಿರುತ್ತದೆ. ಗೀರಿದರೆ ಮಾತ್ರ ಒಂದು ಫಲ ಗ್ಯಾರಂಟಿ: ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿರುವ ರೋಗಿಗೆ ನಿಲ್ಲದ ರಕ್ತಸ್ರಾವ.

ಕರಿಮೆಣಸು ತಿನ್ನಿಸಿ ನೋಡಿದೆವು, ಖಾರ ಗೊತ್ತಾಗುತ್ತದೆ ಎಂದ. ಅಂದರೆ ವಿಷ ಏರಿಲ್ಲ ತಾನೆ?

ಖಾರ ಗೊತ್ತಾಗುತ್ತದೆ ಎಂದರೆ ಮೆಣಸು ಚೆನ್ನಾಗಿದೆ ಎಂದರ್ಥ, ಅಷ್ಟೆ.

ಹಾವನ್ನು ಹೊಡೆದು ತರಬೇಕೆ?

ಹಾವು ಸಾಯಬೇಕು, ಕೋಲು ಮುರಿಯಬಾರದು ಎಂಬ ಗಾದೆ ಇಲ್ಲಿ ಸಲ್ಲದು. ಹಾವನ್ನು ಅಟ್ಟಿಸಿಕೊಂಡು ಹೋಗಿ ಎರಡನೆಯವನೂ ಕಚ್ಚಿಸಿಕೊಂಡು ಬಂದದ್ದನ್ನು ಕಂಡಿದ್ದೇನೆ. ಸತ್ತ ಹಾವಿನ, ಅಷ್ಟೇಕೆ, ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಒಮ್ಮೆ ಒಬ್ಬರು ಸಿಮೆಂಟಿನ ಚೀಲದಲ್ಲಿ ಜೀವಂತ ಕನ್ನಡಿ ಹಾವನ್ನು ತಂದು ನಮ್ಮ ಮೇಜಿನ ಮೇಲೆ ಇಟ್ಟರು. ಆ ದಿನ ತುರ್ತು ವಿಭಾಗ ಎರಡು ನಿಮಿಷದಲ್ಲಿ ಖಾಲಿಯಾಯಿತು. ದೂರದಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಲು ಸಾಧ್ಯವಾದರೆ ತೆಗೆಯಿರಿ, ಇಲ್ಲದಿದ್ದರೆ ಬಿಡಿ. ನಮ್ಮ ನಾಡಿನಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕು ಹಾವುಗಳಿಗೂ ಒಂದೇ. ವೈದ್ಯರು ನೋಡುವುದು ಹಾವಿನ ಮುಖವನ್ನಲ್ಲ, ರೋಗಿಯ ಮುಖವನ್ನು. ಜೊತೆಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವು ಕೊಲ್ಲುವುದು ಅಪರಾಧ. ಮನೆಯೊಳಗೆ ಹಾವು ಬಂದು ಕುಳಿತಿದ್ದರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ಹತ್ತಿರದ ತರಬೇತಿ ಪಡೆದ ಹಾವು ಹಿಡಿಯುವವರನ್ನು ಕರೆಯಬಹುದು.

ವೈದ್ಯರು ಮಲಯಾಳದಲ್ಲಿ ಕೇಳುತ್ತಾರೆ, ನಮಗೆ ಗೊತ್ತಿರುವುದು ಕನ್ನಡ, ತುಳು. ಹಾವಿನ ಹೆಸರು ಹೇಗೆ ಹೇಳುವುದು?

ಇದು ಬೇರೆ ಜಿಲ್ಲೆಯವರಿಗೆ ಪ್ರಶ್ನೆಯೇ ಅಲ್ಲ, ನಮಗೆ ಇದೇ ದೊಡ್ಡ ಪ್ರಶ್ನೆ. ಒಂದು ರಾತ್ರಿ ಎಣ್ಮಕಜೆ ಕಡೆಯ ಹಿರಿಯರೊಬ್ಬರನ್ನು ಕರೆತಂದಿದ್ದರು. ಕೊಲ್ಲಂ ಕಡೆಯಿಂದ ಹೊಸದಾಗಿ ಬಂದಿದ್ದ ತರುಣ ವೈದ್ಯರು ಗಾಯವನ್ನು ನೋಡುತ್ತ ‘ಮೂರ್ಖನ್ ಆಣೋ?’ ಎಂದು ಕೇಳಿದರು. ಹಿರಿಯರು ನೋವಿನಲ್ಲೂ ಎದ್ದು ಕುಳಿತು, ‘ಮೂರ್ಖ ನಾನಲ್ಲ, ಟಾರ್ಚ್ ಇಲ್ಲದೆ ಕಳುಹಿಸಿದ ನನ್ನ ಮಗ’ ಎಂದರು. ಮಲಯಾಳದಲ್ಲಿ ಮೂರ್ಖನ್ ಎಂದರೆ ನಾಗರಹಾವು. ನಾನು ನಡುವೆ ನಿಂತು ಅರ್ಥ ಹೇಳುವ ಹೊತ್ತಿಗೆ ಅವರ ರೆಪ್ಪೆಗಳು ಇಳಿಯಲಾರಂಭಿಸಿದ್ದವು.

ಅದಕ್ಕಿಂತ ಅಪಾಯದ ಗೊಂದಲ ಇನ್ನೊಂದಿದೆ. ಕನ್ನಡದಲ್ಲಿ ಒಳ್ಳೆ ಹಾವು, ನೀರೊಳ್ಳೆ ಎಂದರೆ ವಿಷವಿಲ್ಲದ ನೀರುಹಾವು. ಮಲಯಾಳದಲ್ಲೂ ತಮಿಳಿನಲ್ಲೂ ‘ನಲ್ಲ ಪಾಂಬು’ ಎಂದರೆ ಸಾಕ್ಷಾತ್ ನಾಗರಹಾವು. ‘ಒಳ್ಳೆ ಹಾವು ಕಚ್ಚಿತು’ ಎಂಬುದನ್ನು ಅರೆಬರೆ ಮಲಯಾಳಕ್ಕೆ ತಿರುಗಿಸಿದರೆ ಏನಾಗಬಹುದು, ನೀವೇ ಯೋಚಿಸಿ.

ಹಾಗಾಗಿ ಈ ನಾಲ್ಕೈದು ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ನಾಗರಹಾವು ಅಂದರೆ ಮೂರ್ಖನ್. ಕಟ್ಟುಹಾವು, ಅಂದರೆ ಕಡಂಬಳ, ಅವರಿಗೆ ವೆಳ್ಳಿಕ್ಕೆಟ್ಟನ್ ಅಥವಾ ಶಂಖುವರಯನ್. ಕೊಳಕುಮಂಡಲ, ನಮ್ಮ ಕನ್ನಡಿ ಹಾವು, ಅವರ ಅಣಲಿ. ಕೆಲವರು ಸುವರ್ಣಗಡ್ಡೆಯ ದಂಟಿನ ಚುಕ್ಕೆಗೆ ಹೋಲಿಸಿ ಚೇನತ್ತಂಡನ್ ಎನ್ನುತ್ತಾರೆ. ಗರಗಸ ಮಂಡಲಕ್ಕೆ ಚುರುಟ್ಟ ಮಂಡಲಿ. ಮೂಗು ಮೇಲಕ್ಕೆ ಮೊನಚಾದ ಸಣ್ಣ ಗುಳಿಮಂಡಲಕ್ಕೆ ಮುಳಮೂಕ್ಕನ್. ಕೇರೆ ಹಾವು ಅವರಿಗೆ ಚೇರ, ಅದಕ್ಕೆ ವಿಷವಿಲ್ಲ.

ಹೆಸರು ಖಚಿತವಿಲ್ಲದಿದ್ದರೆ ಊಹೆ ಬೇಡ. ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡುತ್ತಿದ್ದಾಗ ಕಚ್ಚಿತು, ಆಮೇಲೆ ಏನೇನು ಆಯಿತು, ಯಾವ ಮದ್ದು ಕೊಟ್ಟಿರಿ, ಮೊದಲಿನಿಂದ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದನ್ನು ಹೇಳಿ. ‘ಮಲಗಿದ್ದಾಗ ಕಚ್ಚಿತು’ ಎಂಬ ಒಂದು ಮಾತು ವೈದ್ಯರಿಗೆ ಅರ್ಧ ಹಾವನ್ನು ತೋರಿಸಿಕೊಟ್ಟಂತೆ.

ಮಲಗಿದ್ದಾಗ ಕಚ್ಚಿದರೆ ಏನು ವಿಶೇಷ?

ಕಟ್ಟುಹಾವು ಇರುಳಿನ ಹಾವು. ಹಗಲು ಮುದುಡಿಕೊಂಡು ಬಿದ್ದಿರುತ್ತದೆ, ರಾತ್ರಿ ಮನೆಯೊಳಗೂ ಬರುತ್ತದೆ. ಚಾಪೆ ಹಾಸಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಅದರ ಹಲ್ಲು ಸಣ್ಣದು, ಊತವಿಲ್ಲ, ನೋವೂ ಹೆಚ್ಚುಕಡಿಮೆ ಇಲ್ಲ. ಸೊಳ್ಳೆಯೋ ಇರುವೆಯೋ ಎಂದು ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಓಮ ಕುಡಿಸುತ್ತಾರೆ, ಗ್ಯಾಸ್ ಎನ್ನುತ್ತಾರೆ. ಆಮೇಲೆ ರೆಪ್ಪೆ ಭಾರವಾಗುತ್ತದೆ, ಒಂದು ಎರಡಾಗಿ ಕಾಣುತ್ತದೆ, ಉಗುಳು ನುಂಗಲಾಗದೆ ಬಾಯಿಯಂಚಿನಿಂದ ಇಳಿಯುತ್ತದೆ, ಮಾತು ತೊದಲುತ್ತದೆ. ಕೊನೆಗೆ ಎದೆಯ ಸ್ನಾಯುಗಳೇ ಸೋತು ಉಸಿರು ನಿಲ್ಲುತ್ತದೆ.

ಮಳೆಗಾಲದಲ್ಲಿ, ನೆಲದಲ್ಲಿ ಮಲಗಿದ್ದ ಆರೋಗ್ಯವಂತ ಮಗು ಬೆಳಗ್ಗೆ ಕಾರಣವಿಲ್ಲದೆ ಹೊಟ್ಟೆನೋವು ಎಂದು ಅತ್ತು ಕಣ್ಣು ಪೂರ್ತಿ ಬಿಡದಿದ್ದರೆ, ಗಾಯ ಹುಡುಕುತ್ತ ಕೂರಬೇಡಿ. ಹಲ್ಲಿನ ಗುರುತು ಕಾಣಲೇಬೇಕೆಂದಿಲ್ಲ.

ಇನ್ನೊಂದು ಮಾತು. ಈ ವಿಷಕ್ಕೆ ಸಿಕ್ಕಿದವರು ಕಣ್ಣು ತೆರೆಯಲಾರರು, ಬೆರಳು ಆಡಿಸಲಾರರು, ಆದರೆ ಕೇಳಿಸಿಕೊಳ್ಳುತ್ತಿರಬಹುದು. ಹಾಸಿಗೆಯ ಪಕ್ಕ ನಿಂತು ‘ಹೋದ ಹಾಗೆಯೇ’ ಎನ್ನಬೇಡಿ. ವೆಂಟಿಲೇಟರಿನಲ್ಲಿ ದಿನಗಟ್ಟಲೆ ಇದ್ದು ಎದ್ದ ಹುಡುಗನೊಬ್ಬ ನನಗೆ ಕೇಳಿದ ಮೊದಲ ಪ್ರಶ್ನೆ: ‘ಅತ್ತೆ ಯಾಕೆ ಹಾಗೆ ಹೇಳಿದರು?’

ಪ್ರತಿವಿಷ ಎಂದರೇನು? ಎಲ್ಲಿಂದ ಬರುತ್ತದೆ?

ಹಾವಿನ ವಿಷವನ್ನು ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ಕುದುರೆಗೆ ಚುಚ್ಚುತ್ತ ಹೋಗುತ್ತಾರೆ. ಕುದುರೆಯ ರಕ್ತದಲ್ಲಿ ಅದನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತದ ದ್ರವಭಾಗದಿಂದ ಅವನ್ನು ಬೇರ್ಪಡಿಸಿ, ಶುದ್ಧಗೊಳಿಸಿ ಬಾಟಲಿಗೆ ತುಂಬುತ್ತಾರೆ. 1890ರ ದಶಕದಲ್ಲಿ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಮಾಡಿದ ಮೊದಲ ಪ್ರತಿವಿಷದ ದಾರಿಯೇ ಇಂದಿಗೂ ನಡೆಯುತ್ತಿದೆ. ನಮ್ಮ ದೇಶದ ಕಂಪನಿಗಳಿಗೆ ವಿಷ ಬರುವುದು ಬಹುಪಾಲು ಚೆನ್ನೈ ಬಳಿ 1978ರಲ್ಲಿ ಶುರುವಾದ, ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಒಂದು ಕಾಲದಲ್ಲಿ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಕೈಗಳೇ ಈಗ ಅದರ ವಿಷ ಕರೆದು ಹಾವನ್ನು ಮತ್ತೆ ಕಾಡಿಗೆ ಬಿಡುತ್ತವೆ.

ಒಂದು ಬಾಟಲಿಯಲ್ಲಿ 10 ಮಿಲಿಲೀಟರ್. ಒಂದೊಂದು ಮಿಲಿಲೀಟರ್ ನಾಗರಹಾವಿನ ಮತ್ತು ಕೊಳಕುಮಂಡಲದ ವಿಷವನ್ನು 0.6 ಮಿಲಿಗ್ರಾಂನಷ್ಟು, ಕಟ್ಟುಹಾವು ಮತ್ತು ಗರಗಸ ಮಂಡಲದ್ದನ್ನು 0.45 ಮಿಲಿಗ್ರಾಂನಷ್ಟು ತಣಿಸಬೇಕು ಎಂಬುದು ಲೆಕ್ಕ. ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ಬೇರೆ ಪ್ರದೇಶದ ಹಾವಿಗೆ ಅಷ್ಟೇ ಚೆನ್ನಾಗಿ ನಾಟಲೇಬೇಕೆಂದಿಲ್ಲ. ಸದ್ಯಕ್ಕೆ ಇರುವುದು ಇದೇ, ಇದು ಜೀವ ಉಳಿಸುತ್ತದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಸುಮ್ಮನೆ ಇಟ್ಟುಬಿಟ್ಟರು. ಇಪ್ಪತ್ತು ನಿಮಿಷ ಯಾರೂ ಏನೂ ಮಾಡಲಿಲ್ಲ. ಇದು ಅಲಕ್ಷ್ಯವಲ್ಲವೆ?

ಈ ದೂರನ್ನು ನಾನು ಕೇಳಿದಷ್ಟು ಬೇರೆ ಯಾರೂ ಕೇಳಿರಲಾರರು. ಹೊರಗೆ ಹತ್ತು ಜನ ಸಿಟ್ಟಿನಲ್ಲಿ ನಿಂತಿರುತ್ತಾರೆ, ಒಳಗೆ ನಾನು ಗೋಡೆಯ ಗಡಿಯಾರ ನೋಡುತ್ತಿರುತ್ತೇನೆ. ಆ ಇಪ್ಪತ್ತು ನಿಮಿಷವೇ ಪರೀಕ್ಷೆ.

ಒಣಗಿದ, ಸಾಬೂನಿನ ಅಂಶವಿಲ್ಲದ ಹೊಸ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತ ಹಾಕಿ ಅಲುಗಿಸದೆ ಇಡುತ್ತೇವೆ. ಪ್ಲಾಸ್ಟಿಕ್ ನಳಿಕೆ ಆಗದು. ಇಪ್ಪತ್ತು ನಿಮಿಷ ಕಳೆದ ಮೇಲೆ ಒಮ್ಮೆ ವಾಲಿಸುತ್ತೇವೆ. ರಕ್ತ ಗಿಣ್ಣಿನ ಹಾಗೆ ಗಟ್ಟಿಯಾಗಿ ತಳದಲ್ಲಿ ಕೂತರೆ ಒಂದು ನಿಟ್ಟುಸಿರು. ನೀರಿನ ಹಾಗೆ ಗೋಡೆಯಿಂದ ಗೋಡೆಗೆ ಹರಿದರೆ ಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ತಿಂದು ಮುಗಿಸಿದೆ ಎಂದರ್ಥ. ತಕ್ಷಣ ಪ್ರತಿವಿಷ ಆರಂಭವಾಗುತ್ತದೆ. ಕೋಟಿ ಬೆಲೆಯ ಯಂತ್ರವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದಾದ ಪರೀಕ್ಷೆ ಇದು. ಪ್ರತಿವಿಷ ಕೊಟ್ಟು 6 ಗಂಟೆಯ ಬಳಿಕ ಮತ್ತೆ ಮಾಡುತ್ತಾರೆ, ಏಕೆಂದರೆ ಯಕೃತ್ತು ಆ ಅಂಶಗಳನ್ನು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು.

ಮೊದಲ ಪರೀಕ್ಷೆ ಸರಿಯಿದೆ ಎಂದು ಮನೆಗೆ ಹೊರಡಲು ಹಟ ಮಾಡಬೇಡಿ. ವಿಷ ತಡವಾಗಿ ಏರಬಹುದು. 24 ಗಂಟೆ ಇರಿಸಿಕೊಳ್ಳುವುದು ಅದಕ್ಕೇ.

ವಿಷದ ಹಾವೇ ಕಚ್ಚಿದೆ ಎಂದು ಗೊತ್ತಿದ್ದೂ ಪ್ರತಿವಿಷ ಕೊಡಲಿಲ್ಲ. ಯಾಕೆ?

ವಿಷದ ಹಾವು ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಹಲವು ಸಲ ಒಣ ಕಚ್ಚು. ಪ್ರತಿವಿಷ ಕುದುರೆಯ ಪ್ರೋಟೀನು. ಕೆಲವರ ಮೈ ಅದಕ್ಕೆ ಜೋರಾಗಿ ತಿರುಗಿಬೀಳುತ್ತದೆ: ಮೈಯೆಲ್ಲ ದದ್ದು, ತುರಿಕೆ, ನಡುಕ, ಉಬ್ಬಸ, ರಕ್ತದೊತ್ತಡ ಕುಸಿತ. ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದನ್ನು ಮೊದಲೇ ಎಳೆದಿಟ್ಟುಕೊಂಡು ಕೂರುತ್ತೇವೆ. ಅಷ್ಟು ಅಪಾಯದ ಮದ್ದನ್ನು ವಿಷ ಏರಿದ ಲಕ್ಷಣ ಕಂಡರೆ ಮಾತ್ರ ಕೊಡುವುದು ಸರಿ. ಚರ್ಮದ ಮೇಲೆ ಒಂದು ಹನಿ ಚುಚ್ಚಿ ಅಲರ್ಜಿ ನೋಡುವ ಹಳೆಯ ಪದ್ಧತಿಯನ್ನು ಈಗ ಬಿಟ್ಟಿದ್ದಾರೆ. ಅದರಿಂದ ಏನೂ ತಿಳಿಯುವುದಿಲ್ಲ, ಸಮಯ ಮಾತ್ರ ಹೋಗುತ್ತದೆ.

ಪುಟ್ಟ ಮಗುವಿಗೂ ದೊಡ್ಡವರಷ್ಟೇ ಬಾಟಲಿ ಹಾಕಿದರು. ತಪ್ಪಲ್ಲವೆ?

ತಪ್ಪಲ್ಲ. ಜ್ವರದ ಮದ್ದನ್ನು ಮಗುವಿನ ತೂಕಕ್ಕೆ ಅಳೆಯುತ್ತೇವೆ. ಪ್ರತಿವಿಷವನ್ನು ಅಳೆಯುವುದು ಹಾವು ಬಿಟ್ಟ ವಿಷಕ್ಕೆ. ಮಗುವೆಂದು ಹಾವು ಅಳತೆ ಕಡಿಮೆ ಮಾಡುವುದಿಲ್ಲವಷ್ಟೆ. ಸಾಮಾನ್ಯವಾಗಿ 8ರಿಂದ 10 ಬಾಟಲಿಯಿಂದ ಆರಂಭ. ಸಲೈನಿನಲ್ಲಿ ಬೆರೆಸಿ ರಕ್ತನಾಳಕ್ಕೆ ಸುಮಾರು ಒಂದು ಗಂಟೆಯಲ್ಲಿ ಇಳಿಸುತ್ತಾರೆ. ಮಗುವಿಗೆ ಸಲೈನ್ ಮಾತ್ರ ಕಡಿಮೆ. ಗರ್ಭಿಣಿಯರಿಗೂ ಕೊಡುತ್ತಾರೆ, ವಿಷಕ್ಕಿಂತ ಪ್ರತಿವಿಷ ಹೊಟ್ಟೆಯ ಮಗುವಿಗೆ ಹೆಚ್ಚಿನ ಕೇಡು ಮಾಡಲಾರದು.

ಪ್ರತಿವಿಷ ಕೊಟ್ಟರೂ ವೆಂಟಿಲೇಟರ್, ಡಯಾಲಿಸಿಸ್ ಯಾಕೆ ಬೇಕಾಗುತ್ತದೆ?

ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಬೆಂಕಿ ಆರಿಸುವ ನೀರು ಸುಟ್ಟ ತೊಲೆಯನ್ನು ಮರಳಿ ಕೊಡದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುವುದರಿಂದ ಅದು ಮತ್ತೆ ಬೆಳೆಯುವವರೆಗೆ ಯಂತ್ರ ಉಸಿರಾಡಿಸಬೇಕು. ನಾಗರಹಾವಿನ ವಿಷ ನರ ಮತ್ತು ಸ್ನಾಯುವಿನ ನಡುವಿನ ಬಾಗಿಲಿಗೆ ಅಡ್ಡ ನಿಲ್ಲುವಂಥದ್ದು. ಅಲ್ಲಿ ಅಟ್ರೋಪಿನ್ ಜೊತೆ ನಿಯೋಸ್ಟಿಗ್ಮಿನ್ ಕೊಟ್ಟರೆ ಇಳಿದ ರೆಪ್ಪೆ ಕಣ್ಣೆದುರೇ ಏಳುವುದುಂಟು. ಕೊಳಕುಮಂಡಲ ಮೂತ್ರಪಿಂಡಕ್ಕೆ ಕೈ ಹಾಕುತ್ತದೆ. ಮೂತ್ರ ಕಡಿಮೆಯಾದರೆ, ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ವಸಡಿನಲ್ಲಿ ರಕ್ತ ಒಸರಿದರೆ ಕೂಡಲೇ ಹೇಳಿ. ದಾದಿ ಮೂತ್ರ ಅಳೆಯುತ್ತಿದ್ದರೆ ಮುಜುಗರ ಪಡಬೇಡಿ. ಆ ಅಳತೆಯ ಮೇಲೆ ಡಯಾಲಿಸಿಸ್ ತೀರ್ಮಾನವಾಗುತ್ತದೆ.

ಕೆಲವು ಹಾವುಗಳಿಗೆ ಮದ್ದೇ ಇಲ್ಲವಂತೆ, ನಿಜವೆ?

ನಿಜ. ಸೊಪ್ಪು ಕಡಿಯುವಾಗ, ಸೋಗೆ ಎಳೆಯುವಾಗ ಕೈಗೆ ಕಚ್ಚುವ ಮುಳಮೂಕ್ಕನ್, ಮೂಗು ಉಬ್ಬಿದ ಗುಳಿಮಂಡಲ, ಅಂಗೈಯಗಲದ ತರಗೆಲೆಯ ಕೆಳಗೂ ಅಡಗುವಷ್ಟು ಚಿಕ್ಕದು. ಇದನ್ನು ಕೇರಳದಲ್ಲಿ ಬಹಳ ಕಾಲ ಗರಗಸ ಮಂಡಲವೆಂದೇ ತಪ್ಪಾಗಿ ಗುರುತಿಸಿ ಪ್ರತಿವಿಷ ಸುರಿಯುತ್ತಿದ್ದರು. ಗುಣ ಕಾಣುತ್ತಿರಲಿಲ್ಲ. ಇದು ಚಿಕ್ಕದಾದರೂ ಮೂತ್ರಪಿಂಡ ಕೆಡಿಸುತ್ತದೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ನಮ್ಮ ಪ್ರತಿವಿಷ ಇದಕ್ಕೆ ಉಪಯೋಗವಿಲ್ಲ. ರಕ್ತ, ಡಯಾಲಿಸಿಸ್, ನಿಗಾ ಇವೇ ಚಿಕಿತ್ಸೆ. ಹಾವಿನ ಚಿತ್ರ ನಿಜವಾಗಿ ನೆರವಿಗೆ ಬರುವುದು ಇಲ್ಲಿ.

ಘಟ್ಟದ ಬುಡದ ಕಾಳಿಂಗಕ್ಕೂ ಈ ಪ್ರತಿವಿಷ ಹೊಂದುವುದಿಲ್ಲ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ವಿಜ್ಞಾನಿಗಳು ಬೇರೆಯೇ ಜಾತಿಯೆಂದು ಗುರುತಿಸಿ, ನಮ್ಮ ಕನ್ನಡದ ಹೆಸರನ್ನೇ ಅದಕ್ಕೆ ಇಟ್ಟರು ಎಂಬುದು ಸಂತೋಷದ ಸುದ್ದಿ. ಅದು ಮನುಷ್ಯರನ್ನು ಕಚ್ಚುವುದು ಅಪರೂಪ ಎಂಬುದು ಅದಕ್ಕಿಂತ ಸಂತೋಷದ್ದು. ಕಡಲ ಹಾವಿನದೂ ಇದೇ ಕಥೆ. ಬಲೆ ಬಿಡಿಸುವಾಗ ಕಚ್ಚುತ್ತದೆ, ಆಮೇಲೆ ಮೈಕೈ ಸ್ನಾಯು ನೋವು, ಕಪ್ಪು ಮೂತ್ರ. ದೋಣಿ ದಡ ಸೇರಿದ ಕೂಡಲೇ ಆಸ್ಪತ್ರೆ.

ಹತ್ತಿರದ ಆಸ್ಪತ್ರೆಗೆ ಹೋಗುವುದೋ, ನೇರವಾಗಿ ಮಂಗಳೂರಿಗೋ?

ಮಂಜೇಶ್ವರ, ಕುಂಬಳೆಯವರ ಕಾಲು ತಾನಾಗಿಯೇ ಮಂಗಳೂರಿನತ್ತ ತಿರುಗುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ವೇಳೆ ತಲಪಾಡಿಯ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟೆಂದು ಎಲ್ಲರಿಗೂ ಗೊತ್ತಾಯಿತು. ನನ್ನ ಅಭಿಪ್ರಾಯ: ಪ್ರತಿವಿಷ ಇರುವ ಅತಿ ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಬಾಟಲಿ ಏರಲಿ, ವೆಂಟಿಲೇಟರ್, ಡಯಾಲಿಸಿಸ್ ಬೇಕಾದರೆ ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಲಿ. ಪ್ರತಿವಿಷ ಎಲ್ಲಿ ದಾಸ್ತಾನು ಇದೆ ಎಂಬುದನ್ನು ಹಾವು ಕಚ್ಚುವ ಮೊದಲೇ, ಮೇ ತಿಂಗಳಲ್ಲೇ, ನಿಮ್ಮ ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಗಡಿಯಂಚಿನಲ್ಲಿ ಇರುವವರು 108ಕ್ಕೆ ಕರೆ ಮಾಡಿದಾಗ ನೀವು ಯಾವ ರಾಜ್ಯದಲ್ಲಿದ್ದೀರಿ ಎಂದು ಮೊದಲೇ ಹೇಳಿ; ಮೊಬೈಲ್ ಒಮ್ಮೊಮ್ಮೆ ಆಚೆ ಕಡೆಯ ಟವರ್ ಹಿಡಿದಿರುತ್ತದೆ.

2019ರ ನವೆಂಬರ್‌ನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಕಚ್ಚಿ 5ನೇ ತರಗತಿಯ ಹುಡುಗಿ ತೀರಿಕೊಂಡಳು. ಹಾವು ಕಚ್ಚಿತು ಎಂದು ಮಕ್ಕಳು ಹೇಳಿದರೂ ಆಸ್ಪತ್ರೆಗೆ ಒಯ್ಯಲು ತಡವಾಯಿತು ಎಂಬುದೇ ಆಗ ಎದ್ದ ದೊಡ್ಡ ಕೂಗು. ಶಾಲೆಗಳಲ್ಲಿ ಪಾಠ ಮಾಡುವವರು ಇದನ್ನು ಮರೆಯಬಾರದು.

ವಿಷವೈದ್ಯರ ಮದ್ದಿನಿಂದ ಎಷ್ಟೋ ಜನ ಬದುಕಿದ್ದಾರಲ್ಲ?

ಬದುಕಿದ್ದಾರೆ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದವೂ ಹಲವು ಸಲ ವಿಷ ಬಿಡುವುದಿಲ್ಲ. ಅವರೆಲ್ಲ ಏನು ಕುಡಿದರೂ, ಏನೂ ಕುಡಿಯದಿದ್ದರೂ ಬದುಕುತ್ತಿದ್ದರು. ನಮ್ಮ ಮನೆಯಲ್ಲೇ ನಾಟಿ ಮದ್ದು ಅರೆಯುವ ಹಿರಿಯರಿದ್ದರು, ಅವರ ಮೇಲೆ ನನಗೆ ಗೌರವವಿದೆ. ತಮ್ಮ ಕೊನೆಯ ವರ್ಷಗಳಲ್ಲಿ ಅವರೇ ‘ರೆಪ್ಪೆ ಇಳಿದರೆ ನನ್ನಲ್ಲಿಗೆ ತರಬೇಡಿ’ ಎನ್ನುತ್ತಿದ್ದರು. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಹಳ್ಳಿಯವರು, ಬಹಳ ಮಂದಿ ಆಸ್ಪತ್ರೆಯ ಮುಖ ಕಾಣದವರು.

ಚೇಳು ಕುಟುಕಿದರೆ?

ತೋಟದಲ್ಲಿ ಕಲ್ಲು ಎತ್ತಿದಾಗ ಕಾಣುವ ದಪ್ಪ ಕರಿಚೇಳು ನೋಡಲು ಭಯಂಕರ, ನೋವು ವಿಪರೀತ, ಆದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಸಣಕಲು ಕೆಂಪು ಚೇಳು ಹಾಗಲ್ಲ. ಕುಟುಕಿದ ಮೇಲೆ ಮೈ ಬೆವರಿ ತೊಯ್ದರೆ, ಕೈಕಾಲು ತಣ್ಣಗಾದರೆ, ವಾಂತಿಯಾದರೆ, ಕೆಮ್ಮಿನಲ್ಲಿ ನೊರೆ ಬಂದರೆ ವಿಷ ಹೃದಯಕ್ಕೆ ತಾಗಿದೆ. ವಿಶೇಷವಾಗಿ ಮಕ್ಕಳಿಗೆ ಇದು ಮಾರಕ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಎಂಬ ಸಣ್ಣ ಊರಿನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ರಕ್ತದೊತ್ತಡದ ಮಾತ್ರೆಯಾದ ಪ್ರಜೋಸಿನ್ ಬಳಸಿ ಇಂಥ ರೋಗಿಗಳನ್ನು ಉಳಿಸಿ ತೋರಿಸಿದರು. ಈಗ ಅದರ ಜೊತೆ ಚೇಳಿನ ಪ್ರತಿವಿಷವನ್ನೂ ಕೊಡುತ್ತಾರೆ. ಮಲಯಾಳದಲ್ಲಿ ಚೇಳಿಗೆ ತೇಳ್. ಇಲ್ಲಿ ಗೊಂದಲವಿಲ್ಲ.

ಹೆಜ್ಜೇನು, ಕಡಜ ಮುತ್ತಿದರೆ?

ಓಡಿ. ನಿಂತು ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಮನೆಯೊಳಗೋ ವಾಹನದೊಳಗೋ ಹೊಕ್ಕು ಬಾಗಿಲು ಹಾಕಿ. ಕೆರೆಗೆ ಹಾರಿದರೆ ಅವು ಮೇಲೆ ಕಾಯುತ್ತವೆ. ಜೇನಿನ ಮುಳ್ಳು ಚರ್ಮದಲ್ಲಿ ಉಳಿದು ವಿಷ ಒತ್ತುತ್ತಲೇ ಇರುತ್ತದೆ, ಹಾಗಾಗಿ ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ಹೇಗಾದರೂ ಬೇಗ ತೆಗೆಯಿರಿ. ಕಡಜದ ಮುಳ್ಳು ಉಳಿಯುವುದಿಲ್ಲ, ಅದು ಮತ್ತೆ ಮತ್ತೆ ಕುಟುಕುತ್ತದೆ.

ಸಾವು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಅಲರ್ಜಿ: ಒಂದೇ ಕುಟುಕಿಗೆ ನಿಮಿಷಗಳಲ್ಲಿ ತುಟಿ ಊದಿ, ಗಂಟಲು ಕಟ್ಟಿ, ಕುಸಿಯುತ್ತಾರೆ. ಇದಕ್ಕೆ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಒಂದೇ ಮದ್ದು. ಅಲರ್ಜಿ ಮಾತ್ರೆ ನುಂಗಿ ಕಾಯುವುದು ತಪ್ಪು. ಇನ್ನೊಂದು, ನೂರಾರು ಕುಟುಕು: ಆ ಹೊತ್ತಿಗೆ ಚೆನ್ನಾಗಿಯೇ ಇದ್ದು, ಒಂದೆರಡು ದಿನದಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಅಡಿಕೆ ಕೊಯ್ಯಲು ಮರ ಹತ್ತುವವರು, ಉದ್ಯೋಗ ಖಾತರಿಯಲ್ಲಿ ಪೊದೆ ಸವರುವವರು ಗೂಡು ಎಲ್ಲಿದೆ ಎಂದು ಮೊದಲು ಸುತ್ತಲೂ ಕಣ್ಣಾಡಿಸಲಿ.

ತೊರಕೆ ಮೀನಿನ ಬಾಲ, ತೇಡೆ ಮೀನಿನ ಮುಳ್ಳು ಚುಚ್ಚಿದರೆ?

ಬಿಸಿನೀರು. ಸುಡಬಾರದು, ಆದರೆ ತಡೆಯಬಹುದಾದಷ್ಟು ಬಿಸಿ, ಸುಮಾರು 45 ಡಿಗ್ರಿ ಸೆಲ್ಸಿಯಸ್. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ಈ ವಿಷ ಬಿಸಿಗೆ ಸೋಲುತ್ತದೆ, ನೋವು ಇಳಿಯುವುದು ಕಂಡರೆ ಆಶ್ಚರ್ಯವಾಗುತ್ತದೆ. ಗಾಯವಿಲ್ಲದ ಕೈಯನ್ನು ಮೊದಲು ಅದ್ದಿ ಬಿಸಿ ನೋಡಿ, ನೋಯುವ ಕಾಲಿಗೆ ಸುಟ್ಟದ್ದು ತಿಳಿಯುವುದಿಲ್ಲ. ಮುಳ್ಳು ಒಳಗೆ ಮುರಿದಿದ್ದರೆ, ಎದೆ ಹೊಟ್ಟೆಗೆ ಚುಚ್ಚಿದ್ದರೆ ಕೀಳಬೇಡಿ, ಆಸ್ಪತ್ರೆಗೆ ಬನ್ನಿ. ಧನುರ್ವಾಯು ಚುಚ್ಚುಮದ್ದು ಬೇಕು. ಜರಿ ಕಚ್ಚಿದರೂ ಬಿಸಿನೀರಿನ ಶಾಖ ಹಿತ.

ಹಸುವಿಗೆ ಕಚ್ಚಿದರೆ?

ಅದೇ ಪ್ರತಿವಿಷ. ಪಶುವೈದ್ಯರನ್ನು ಕರೆಯಿರಿ.

ಕಚ್ಚದಂತೆ ಏನು ಮಾಡಬಹುದು?

ಟಾರ್ಚ್. ಮೊಬೈಲಿನ ಬೆಳಕಲ್ಲ, ನೆಲಕ್ಕೆ ಬೀಳುವ ನಿಜವಾದ ಟಾರ್ಚ್. ತೋಟಕ್ಕೆ ಗಂಬೂಟು, ಸೆಖೆಯೆಂದು ಗೊಣಗುವವರಿಗೆ ನಾನು ಕಾಲಿನ ಗಾಯದ ಚಿತ್ರ ತೋರಿಸುತ್ತೇನೆ. ಸೋಗೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಮಂಚದಲ್ಲಿ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಕಟ್ಟುಹಾವಿಗೆ ಇಷ್ಟೇ ಬೇಲಿ ಸಾಕು. ಮುರಕಲ್ಲಿನ ಗೋಡೆಯ ಸಂದು, ಸುರಂಗದ ಬಾಯಿ, ಬಚ್ಚಲಿನ ಸೌದೆ, ಹೊರಗೆ ಬಿಟ್ಟ ಚಪ್ಪಲಿ, ಸ್ಕೂಟರಿಗೆ ಸಿಕ್ಕಿಸಿದ ಹೆಲ್ಮೆಟ್ ಇವುಗಳ ಬಗ್ಗೆ ಎಚ್ಚರ. ಅಂಗಳದಲ್ಲಿ ಭತ್ತ, ಅಡಿಕೆ ಇದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಬೆಳ್ಳುಳ್ಳಿ ನೀರು, ಸೀಮೆಎಣ್ಣೆ ಸಿಂಪಡಿಸಿದರೆ ಹಾವು ಬಾರದು ಎಂಬುದಕ್ಕೆ ಆಧಾರವಿಲ್ಲ.

ಮನೆಗೆ ಬಂದ ಮೇಲೆ ಏನು ಗಮನಿಸಬೇಕು? ನಾಗಬನಕ್ಕೆ ತನು (ನಾಗನಿಗೆ ಹಾಲು, ಸೀಯಾಳ ಎರೆಯುವ ಸೇವೆ) ಹಾಕಬೇಕೆನ್ನುತ್ತಾರೆ.

ಪ್ರತಿವಿಷ ಪಡೆದು ಒಂದೆರಡು ವಾರದೊಳಗೆ ಜ್ವರ, ಗಂಟು ನೋವು, ದದ್ದು ಬಂದರೆ ಅದು ಮತ್ತೆ ವಿಷ ಏರಿದ್ದಲ್ಲ, ಕುದುರೆಯ ಪ್ರೋಟೀನಿಗೆ ಮೈ ತಡವಾಗಿ ಕೊಡುವ ಉತ್ತರ, ವೈದ್ಯರಿಗೆ ತೋರಿಸಿ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್, ಐಬುಪ್ರೊಫೆನ್ ಕೇಳದೆ ನುಂಗಬೇಡಿ. ಮೂತ್ರಪಿಂಡದ ರಕ್ತಪರೀಕ್ಷೆಗೆ ಹೇಳಿದ ದಿನ ತಪ್ಪಿಸಬೇಡಿ. ಕೊಳಕುಮಂಡಲ ಕಚ್ಚಿ ತಿಂಗಳುಗಳ ಮೇಲೂ ಸುಸ್ತು, ಹಸಿವಿಲ್ಲದಿರುವುದು, ಮುಟ್ಟು ನಿಲ್ಲುವುದು ಕಂಡರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು. ಹಾವು ಕಚ್ಚಿದ ವಿಷಯವನ್ನು ಆ ವೈದ್ಯರಿಗೆ ಮರೆಯದೆ ಹೇಳಿ. ರಾತ್ರಿ ಬೆಚ್ಚಿ ಬೀಳುವುದು, ತೋಟಕ್ಕೆ ಇಳಿಯಲು ಹೆದರುವುದು ಬಹಳ ಮಂದಿಗೆ ಇರುತ್ತದೆ, ಅದಕ್ಕೂ ಚಿಕಿತ್ಸೆ ಇದೆ.

ತನು ಹಾಕಿ, ಮನಸ್ಸಿಗೆ ನೆಮ್ಮದಿ. ನನ್ನನ್ನು ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಮೇಲೆ. ತನುವಿನ ದಿನವೂ ರಕ್ತಪರೀಕ್ಷೆಯ ದಿನವೂ ಒಂದೇ ಬಿದ್ದರೆ ಬೆಳಗ್ಗೆ ಮೊದಲು ಲ್ಯಾಬಿಗೆ ಹೋಗಿ ಬನ್ನಿ, ಅಲ್ಲಿ ಒಂಬತ್ತು ಗಂಟೆಯ ಮೇಲೆ ಸಾಲು ಉದ್ದವಾಗುತ್ತದೆ.